ಯಾರ ಕಾಲ ತತ್ಕಾಲ?

ಬೆಳಿಗ್ಗೆ ಹತ್ತು ಗಂಟೆಗೆ ಇನ್ನೂ ಐದು ನಿಮಿಷವಿರುವಾಗಲೇ ಕಂಪ್ಯೂಟರಿನ ಮುಂದೆ ಪದ್ಮಾಸನ ಹಾಕಿ ಕುಳಿತ ಗೃಹಸ್ಥನ ಏಕಾಗ್ರತೆಯನ್ನು ಕಂಡರೆ ಋಷಿಗಳೂ ನಾಚಬೇಕು. ಅವನು ಬೇಡುತ್ತಿರುವುದು ಮೋಕ್ಷವನ್ನಲ್ಲ. ತತ್ಕಾಲ್ ಯೋಜನೆಯಲ್ಲಿ ಹವಾನಿಯಂತ್ರಿತ ಬೋಗಿಯ ಎರಡು ಟಿಕೇಟುಗಳನ್ನು. ಒಂದು ಕ್ಷಣ ಮುಂಚೆ ಗುಂಡಿ ಒತ್ತಿದರೆ ಬಾಗಿಲು ತೆರೆದಿಲ್ಲ. ನಾಲ್ಕು ಕ್ಷಣ ತಡೆದರೆ ಬೋಗಿ ತುಂಬಿಹೋಗಿದೆ. ಗೋಡೆಯ ಗಡಿಯಾರ ಹತ್ತಕ್ಕೆ ಇನ್ನೂ ಎರಡು ನಿಮಿಷವೆನ್ನುತ್ತದೆ. ಹೆಂಡತಿಯ ಕೈಗಡಿಯಾರದ ಪ್ರಕಾರ ಹತ್ತು ಆಗಿಯೇ ಹೋಯಿತು. ಆ ಯೋಜನೆಗೆ ಹೆಸರಿಟ್ಟವರಿಗೆ ಸಂಸ್ಕೃತ ಎಷ್ಟು ಬರುತ್ತಿತ್ತೋ ತಿಳಿಯದು. ಸರ್ವನಾಮವನ್ನು ಮಾತ್ರ ತಕ್ಕ ಸ್ಥಳದಲ್ಲಿಯೇ ಇಟ್ಟಿದ್ದಾರೆ. ತತ್ಕಾಲವೆಂದರೆ 'ಆ' ಕಾಲ. ಅದು ಗೃಹಸ್ಥನ ಕಾಲವಲ್ಲ, ಅವನ ಹೆಂಡತಿಯ ಕಾಲವೂ ಅಲ್ಲ; ದೂರದ ಯಾವುದೋ ಕಟ್ಟಡದಲ್ಲಿ ಕುಳಿತಿರುವ ಇನ್ನೊಂದು ಕಂಪ್ಯೂಟರಿನ ಕಾಲ. ಆ ಯಂತ್ರಕ್ಕಾದರೂ ಹೊತ್ತು ತಿಳಿಯುವುದು ಹೇಗೆ?

ಕಂಪ್ಯೂಟರನ್ನು ಆಳುವ ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ ಕರ್ನೆಲ್ ಎಂದು ಹೆಸರು. ಹೊತ್ತಿನ ಲೆಕ್ಕವನ್ನಿಡುವ ಶಾನುಭೋಗ ಅದೇ. ಯಂತ್ರಕ್ಕೆ ಎಚ್ಚರವಾದೊಡನೆ, ಸಣ್ಣ ಬ್ಯಾಟರಿಯೊಂದರ ಆಧಾರದಿಂದ ರಾತ್ರಿಯೆಲ್ಲ ನಡೆಯುತ್ತಿದ್ದ ಗಡಿಯಾರವನ್ನು ಅದು ಒಮ್ಮೆ ನೋಡಿಕೊಳ್ಳುತ್ತದೆ. ಅನಂತರ ಬೆಣಚುಕಲ್ಲಿನ ಹರಳೊಂದರ ಮಿಡಿತವನ್ನು ಎಣಿಸುತ್ತ ತನ್ನ ಲೆಕ್ಕವನ್ನು ತಾನೇ ಬರೆದುಕೊಂಡು ಹೋಗುತ್ತದೆ. ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವಂಥದು. ಕಂಪ್ಯೂಟರಿನ ಹರಳಿನ ವೇಗ ಇನ್ನೂ ಹೆಚ್ಚು. ಆದರೆ ಸೆಕೆಯೇರಿದರೆ, ಚಳಿ ಹಿಡಿದರೆ, ವಯಸ್ಸಾದರೆ ಹರಳಿನ ನಡೆಯೂ ಮನುಷ್ಯನ ನಡೆಯಂತೆಯೇ ಬದಲಾಗುತ್ತದೆ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು ವ್ಯತ್ಯಾಸ ಬೀಳುತ್ತದೆ.

ಇಷ್ಟಕ್ಕೆ ಇಷ್ಟು ರಾದ್ಧಾಂತವೇಕೆ, ರೈಲು ತಪ್ಪಿದರೆ ಬಸ್ಸು ಇದ್ದೇ ಇದೆಯಲ್ಲ ಎನ್ನಬಹುದು. 1991ರ ಫೆಬ್ರವರಿ 25ರ ರಾತ್ರಿ ಸೌದಿ ಅರೇಬಿಯದ ದಹ್ರಾನ್ ಪಟ್ಟಣದಲ್ಲಿ ನಡೆದುದನ್ನು ಕೇಳಿದವರು ಹಾಗೆನ್ನಲಾರರು. ಕೊಲ್ಲಿ ಯುದ್ಧದ ದಿನಗಳವು. ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲಿಯೇ ಹೊಡೆದುರುಳಿಸಲು ಅಮೆರಿಕದವರು ಪೇಟ್ರಿಯಟ್ ಎಂಬ ವ್ಯವಸ್ಥೆಯನ್ನು ಅಲ್ಲಿ ನಿಲ್ಲಿಸಿದ್ದರು. ಅದರ ಕಂಪ್ಯೂಟರು ಹೊತ್ತನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ ಹೇಗೆ ಕೊನೆಯೇ ಸಿಕ್ಕದೋ, ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳನ್ನು ಬಲ್ಲ ಯಂತ್ರಕ್ಕೆ ಹತ್ತನೆಯ ಒಂದು ಭಾಗದ ಪಾಡೂ ಅದೇ. 24 ಸ್ಥಾನಗಳಿಗೆ ಅದನ್ನು ಕತ್ತರಿಸಿದ್ದರು. ಕತ್ತರಿಸಿದ ಚೂರು ಒಂದು ಸೆಕೆಂಡಿನ ಕೋಟಿಯ ಒಂದು ಭಾಗಕ್ಕಿಂತಲೂ ಕಿರಿದು. ಆದರೆ ಯಂತ್ರವನ್ನು ನಡುವೆ ಆರಿಸದೆ ನೂರು ಗಂಟೆಗೂ ಮೀರಿ ನಡೆಸಿದ್ದರು. ಚೂರುಗಳೆಲ್ಲ ಕೂಡಿ 0.34 ಸೆಕೆಂಡಾಗಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹಾರುತ್ತದೆ. ಪೇಟ್ರಿಯಟ್ ನೋಡಬಾರದ ಕಡೆ ನೋಡಿತು. ಅಲ್ಲಿ ಏನೂ ಕಾಣದೆ ಸುಮ್ಮನಾಯಿತು. ಕ್ಷಿಪಣಿ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಸತ್ತರು.

ದೋಷ ಗೊತ್ತಿಲ್ಲದ್ದಾಗಿರಲಿಲ್ಲ. ಎಂಟು ಗಂಟೆ ನಡೆದರೂ ಗುರಿ ಸರಿಯುತ್ತದೆಂದು ಇಸ್ರೇಲಿನವರು ಎರಡು ವಾರ ಮೊದಲೇ ತಿಳಿಸಿದ್ದರು. ತಿದ್ದಿದ ಪ್ರೋಗ್ರಾಮು ಸಿದ್ಧವಾಗಿ ದಹ್ರಾನನ್ನು ತಲಪಿದುದು ಫೆಬ್ರವರಿ 26ರಂದು. ಅದು ಬರುವ ತನಕ ಆಗಾಗ ಯಂತ್ರವನ್ನು ಆರಿಸಿ ಹಚ್ಚಿದ್ದರೂ ಸಾಕಾಗಿತ್ತು.

ತನ್ನ ಲೆಕ್ಕವನ್ನು ತಾನೊಬ್ಬನೇ ಇಟ್ಟುಕೊಂಡು ಕುಳಿತವನು ತಪ್ಪುತ್ತಲೇ ಹೋಗುತ್ತಾನೆ. ನಡುನಡುವೆ ಬಲ್ಲವರನ್ನು ಕೇಳಬೇಕು. ಲಂಡನ್ನಿನಲ್ಲಿ ಒಂದು ಮನೆತನ ಈ ಉತ್ತರವನ್ನು ಮಾರಿಯೇ ಬದುಕಿತು. ಗ್ರೀನಿಚ್ ವೇಧಶಾಲೆಯಲ್ಲಿದ್ದ ಜಾನ್ ಹೆನ್ರಿ ಬೆಲ್ವಿಲ್ ಎಂಬವನು 1836ರಲ್ಲಿ ಅಲ್ಲಿಯ ಹೊತ್ತನ್ನು ಗಡಿಯಾರದ ಅಂಗಡಿಗಳಿಗೆ ಒಯ್ದುಕೊಡಲು ತೊಡಗಿದ. ಅವನ ಬಳಿಕ ಹೆಂಡತಿ, ಅವಳ ಬಳಿಕ ಮಗಳು ರೂತ್. ವಾರಕ್ಕೊಮ್ಮೆ ವೇಧಶಾಲೆಗೆ ಹೋಗಿ ತನ್ನ ಗಡಿಯಾರವನ್ನು ಸರಿಪಡಿಸಿಕೊಂಡು, ಊರೆಲ್ಲ ಸುತ್ತಿ ಗಿರಾಕಿಗಳಿಗೆ ಅದನ್ನು ತೋರಿಸಿ ಬರುವುದು ಅವಳ ಕಸುಬು. ಆ ಗಡಿಯಾರವನ್ನು ಅದರ ತಯಾರಕನ ಹೆಸರಿನಿಂದ 'ಆರ್ನಲ್ಡ್' ಎಂದೇ ಕರೆಯುತ್ತಿದ್ದಳು. ತಂತಿಯಲ್ಲಿ, ರೇಡಿಯೋದಲ್ಲಿ ಗಂಟೆ ಕೇಳುವ ಸೌಕರ್ಯ ಬಂದಮೇಲೂ ಗಿರಾಕಿಗಳು ಅವಳನ್ನು ಬಿಡಲಿಲ್ಲ. 1940ರವರೆಗೂ ರೂತ್ ಬೆಲ್ವಿಲ್ ಹೊತ್ತನ್ನು ಹೊತ್ತು ತಿರುಗಿದಳು.

ಕಂಪ್ಯೂಟರುಗಳ ನಡುವೆ ಈ ಕೆಲಸವನ್ನು ವಹಿಸಿಕೊಂಡವರು ಡೇವಿಡ್ ಮಿಲ್ಸ್. ಹುಟ್ಟಿನಿಂದಲೇ ಗ್ಲಾಕೋಮಾ ರೋಗದಿಂದ ದೃಷ್ಟಿ ಮಂದವಾಗಿದ್ದು, ಇಳಿವಯಸ್ಸಿನಲ್ಲಿ ಅದನ್ನೂ ಪೂರ್ತಿ ಕಳೆದುಕೊಂಡ ಈ ಪ್ರಾಧ್ಯಾಪಕರು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದರು. 2024ರ ಜನವರಿಯಲ್ಲಿ ತೀರಿಕೊಂಡರು. 1985ರಲ್ಲಿ ಅವರು ಪ್ರಕಟಿಸಿದ ಪದ್ಧತಿಯ ಸೂಕ್ಷ್ಮವನ್ನು ಮನೆಯ ಮಾತಿನಲ್ಲಿಯೇ ಹೇಳಬಹುದು. ಅಂಚೆ ಕಚೇರಿಯಲ್ಲಿ ಗಂಟೆ ಎಷ್ಟೆಂದು ನೋಡಿ ಬಾ ಎಂದು ಹುಡುಗನನ್ನು ಅಟ್ಟಿದರೆ ಅವನು ತರುವುದು ಹಳಸಿದ ಗಂಟೆ. ಆದ್ದರಿಂದ ಅವನು ಮನೆ ಬಿಟ್ಟದ್ದು, ಅಲ್ಲಿ ತಲಪಿದ್ದು, ಅಲ್ಲಿಂದ ಹೊರಟದ್ದು, ಮರಳಿ ಬಂದದ್ದು, ಈ ನಾಲ್ಕು ವೇಳೆಗಳನ್ನೂ ಬರೆದಿಡಬೇಕು. ಆಗ ದಾರಿಯಲ್ಲಿ ಕಳೆದ ಹೊತ್ತೆಷ್ಟೆಂದು ತಿಳಿಯುತ್ತದೆ. ಅದರಲ್ಲಿ ಅರ್ಧವನ್ನು ಹೋಗುವುದಕ್ಕೂ ಅರ್ಧವನ್ನು ಬರುವುದಕ್ಕೂ ಹಂಚಿ ತಪ್ಪನ್ನು ಕಂಡುಹಿಡಿಯುವುದು. ಹುಡುಗ ಬರುವಾಗ ಗೋಲಿಯಾಟಕ್ಕೆ ನಿಂತುಬಿಟ್ಟರೆ ಲೆಕ್ಕ ಕೆಡುತ್ತದೆ. ಅದಕ್ಕೇ ಒಬ್ಬ ಹುಡುಗನನ್ನು ನಂಬದೆ ಹಲವರನ್ನು ಹಲವು ಕಡೆಗೆ ಅಟ್ಟುವುದು.

ತಪ್ಪು ತಿಳಿದ ಮೇಲೆ ಮುಳ್ಳನ್ನು ಥಟ್ಟನೆ ತಿರುಗಿಸುವಂತಿಲ್ಲ. ಮುಂದೋಡಿದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಹಣ ಖಾತೆಗೆ ಬರುವುದಕ್ಕೆ ಮೊದಲೇ ಖರ್ಚಾದಂತೆ, ಪ್ರಶ್ನೆ ಕೇಳುವ ಮೊದಲೇ ಉತ್ತರ ಬಂದಂತೆ ದಾಖಲೆಯಾದೀತು. ಆದ್ದರಿಂದ ಸಣ್ಣ ತಪ್ಪಾದರೆ ಕರ್ನೆಲ್ ತನ್ನ ಸೆಕೆಂಡನ್ನೇ ಹತ್ತು ಲಕ್ಷಕ್ಕೆ ಐನೂರರಷ್ಟು ಹಿಗ್ಗಿಸಿಯೋ ಕುಗ್ಗಿಸಿಯೋ ನಡೆಯುತ್ತದೆ. ಒಂದು ಸೆಕೆಂಡಿನ ತಪ್ಪು ಹೀಗೆ ತೀರಲು 33 ನಿಮಿಷ ಬೇಕು. ಬಲವಾದ ಸಾಲವನ್ನು ಸಂಸಾರಸ್ಥರು ಕಂತಿನಲ್ಲಿ ತೀರಿಸುವ ರೀತಿ ಇದು, ಮನೆಯವರಿಗೂ ತಿಳಿಯದು.

ಇಲ್ಲಿಯವರೆಗೆ ಹೇಳಿದ್ದು ಮೈಯುಳ್ಳ ಯಂತ್ರಗಳ ಮಾತು. ಮೈಯಿಲ್ಲದ ಯಂತ್ರಗಳೂ ಈಗ ಉಂಟು. ಒಂದೇ ದೊಡ್ಡ ಕಂಪ್ಯೂಟರಿನ ಹೊಟ್ಟೆಯಲ್ಲಿ ಹತ್ತಾರು ಕಂಪ್ಯೂಟರುಗಳಿರುವಂತೆ ತೋರಿಸುವ ಈ ಮಾಯೆಗೆ ವರ್ಚುಯಲ್ ಮೆಷೀನ್ ಎನ್ನುತ್ತಾರೆ. ಹೊತ್ತುಹಿಡಿದ ಯಂತ್ರ ಆತಿಥೇಯ, ಒಳಗಿನದು ಅತಿಥಿ. ತಾನು ಅತಿಥಿಯೆಂಬುದು ಅತಿಥಿಗೆ ಗೊತ್ತಿರಲೇಬೇಕೆಂದಿಲ್ಲ. ಅದರ ಕರ್ನೆಲ್ ಕೂಡ ಮಿಡಿತಗಳನ್ನು ಎಣಿಸುತ್ತಿರುತ್ತದೆ. ಆದರೆ ಮಿಡಿತವನ್ನು ಬಡಿಸಬೇಕಾದವನು ಆತಿಥೇಯ. ಅವನು ಬೇರೆ ಪಂಕ್ತಿಯಲ್ಲಿ ಬಡಿಸುತ್ತಿರುವಾಗ ಇವನಿಗೆ ಹೊತ್ತೇ ಹೋಗುವುದಿಲ್ಲ. ಹಿಂದೆ, ತಪ್ಪಿದ ಮಿಡಿತಗಳನ್ನೆಲ್ಲ ಅನಂತರ ಒಟ್ಟಿಗೆ ಸುರಿಯುವ ಉಪಾಯವಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ವರ್ಷದ ಪಾಠವನ್ನೆಲ್ಲ ಓದುವ ಹುಡುಗನಂತೆ ಆಗ ಅತಿಥಿಯ ಗಡಿಯಾರ ಓಡುತ್ತಿತ್ತು. ಈಗ ಆತಿಥೇಯನೇ ಸ್ಮೃತಿಯ ಪುಟವೊಂದರಲ್ಲಿ ಹೊತ್ತನ್ನೂ, ತನ್ನ ಮಿಡಿತದ ವೇಗವನ್ನೂ ಬರೆದಿಡುತ್ತಾನೆ. ಅತಿಥಿ ಬೇಕಾದಾಗ ಓದಿಕೊಳ್ಳುತ್ತಾನೆ. ನಡೆಯುತ್ತಿರುವಾಗಲೇ ಅತಿಥಿಯನ್ನು ಬೇರೊಂದು ಯಂತ್ರಕ್ಕೆ ಸಾಗಿಸಿದರೆ, ಅಲ್ಲಿಯ ಮಿಡಿತಕ್ಕೆ ತಕ್ಕಂತೆ ಆ ಪುಟವನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಇನ್ನು, ಅತಿಥಿಯನ್ನು ಇದ್ದಹಾಗೆಯೇ ತಡೆದು ನಿಲ್ಲಿಸಿ ಮರುದಿನವೋ ಮರುತಿಂಗಳೋ ಎಬ್ಬಿಸುವುದುಂಟು. ಭಾಗವತದ ಕಕುದ್ಮಿ ಮಹಾರಾಜನ ಅವಸ್ಥೆಯೂ ಇದೇ. ಮಗಳು ರೇವತಿಗೆ ವರನಾರೆಂದು ಕೇಳಲು ಅವನು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಗಾನ ನಡೆಯುತ್ತಿತ್ತು. ಮುಗಿಯಲೆಂದು ಕ್ಷಣಕಾಲ ಕಾದ. ಬ್ರಹ್ಮ ನಕ್ಕುಬಿಟ್ಟ. ಆ ಕ್ಷಣದಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿದ್ದವು. ರಾಜ ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳ ಮೊಮ್ಮಕ್ಕಳ ಹೆಸರು ಕೂಡ ಉಳಿದಿರಲಿಲ್ಲ. ಎಚ್ಚರಗೊಂಡ ಮಾಯಾಯಂತ್ರವೂ ಹಾಗೆಯೇ ಹಳೆಯ ಹೊತ್ತನ್ನು ನೆಚ್ಚಿ ವ್ಯವಹಾರಕ್ಕಿಳಿಯುತ್ತದೆ. ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಗುಪ್ತಸಂಖ್ಯೆಯನ್ನು ಒಪ್ಪುವುದಿಲ್ಲ; ನಿನ್ನೆ ಹೊರಟ ಪ್ರಮಾಣಪತ್ರವನ್ನು ಇನ್ನೂ ಹುಟ್ಟಿಲ್ಲವೆಂದು ತಿರಸ್ಕರಿಸುತ್ತದೆ. ಸಾವಿರ ಸೆಕೆಂಡಿಗಿಂತ ಹೆಚ್ಚಿನ ಅಂತರ ಕಂಡರೆ ಮಿಲ್ಸರ ಪ್ರೋಗ್ರಾಮು ಕೂಡ ಸಾಮಾನ್ಯವಾಗಿ ತಿದ್ದುವ ಗೋಜಿಗೆ ಹೋಗದೆ ಕೈಮುಗಿದು ನಿಂತುಬಿಡುತ್ತದೆ. ಮನುಷ್ಯನೊಬ್ಬ ಬಂದು ಆಜ್ಞೆ ಕೊಡಬೇಕು.

ರೇವತಿ ಹಿಂದಿನ ಯುಗದವಳಾದ್ದರಿಂದ ಬಲರಾಮನಿಗಿಂತ ಬಹಳ ಎತ್ತರವಾಗಿದ್ದಳಂತೆ. ಅವನು ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿ ತನ್ನ ಯುಗದ ಅಳತೆಗೆ ತಂದುಕೊಂಡನೆಂದು ವಿಷ್ಣುಪುರಾಣ ಹೇಳುತ್ತದೆ. ಅಲ್ಲಿ ಕಂತಿನ ಮಾತೇ ಇಲ್ಲ; ಒಂದೇ ಏಟಿಗೆ ತಿದ್ದುಪಡಿ. ಮಗಳನ್ನು ಒಪ್ಪಿಸಿದ ಕಕುದ್ಮಿ ಹೊಸ ಕಾಲದ ಗೊಡವೆಯೇ ಬೇಡವೆಂದು ಬದರಿಕಾಶ್ರಮಕ್ಕೆ ಹೊರಟುಹೋದ.