ಕಾಣೆಯಾದ ಬೆಳಕಿನ ಲೆಕ್ಕ

ಬೀದರಿನ ನಮ್ಮ ಮಾಳಿಗೆಯಿಂದ ಈಗ ನಕ್ಷತ್ರಗಳು ಅಷ್ಟಾಗಿ ಕಾಣುವುದಿಲ್ಲ. ಔರಾದಿನ ಹಳ್ಳಿಗಳಲ್ಲಿ ಕರೆಂಟು ಹೋದ ರಾತ್ರಿ ಆಕಾಶ ನೋಡಬೇಕು. ಚುಕ್ಕೆಗಳ ನಡುವಿನ ಕತ್ತಲೆ ಬರೀ ಖಾಲಿ ಎಂದೇ ನಾವು ತಿಳಿಯುತ್ತೇವೆ. ಹಾಗಲ್ಲವಂತೆ. ಗೆಲಾಕ್ಸಿಗಳ ನಡುವೆಯೂ ಪ್ಲಾಸ್ಮಾ ಎಂಬ ವಿದ್ಯುತ್ಕಣಗಳ ಅತಿ ತೆಳುವಾದ ಅನಿಲ ಹರಡಿದೆ.

ಆ ದಾರಿಯಲ್ಲೇ ಸ್ವಲ್ಪ ಬೆಳಕು ಕಾಣೆಯಾಗಿದೆ. ಬ್ಲೇಜಾರ್ ಎಂಬ ಗೆಲಾಕ್ಸಿಗಳ ಕಪ್ಪುಕುಳಿ ನಮ್ಮತ್ತ ಚಿಮ್ಮಿಸುವ ಧಾರೆಯಿಂದ ಬಲವಾದ ಗಾಮಾ ಕಿರಣಗಳು ಹೊರಡುತ್ತವೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮುಂಬಯಿಯ ಟಾಟಾ ಸಂಸ್ಥೆಯೊಡನೆ ಲಡಾಖಿನ ಹಾನ್ಲೆಯಲ್ಲಿ ನಿಲ್ಲಿಸಿದ 7 ದೂರದರ್ಶಕಗಳ 'ಹಗಾರ್' ಇಂಥವನ್ನೇ ನೋಡಿತು. ಕಿರಣವು ದಾರಿಯಲ್ಲಿ ನಕ್ಷತ್ರಗಳ ಬೆಳಕಿಗೆ ತಾಕಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುತ್ತದೆ. ಬೆಳಕಿಗೆ ಸಮೀಪದ ವೇಗದಲ್ಲಿ ಓಡುವ ಈ ಜೋಡಿಗಳು ಮತ್ತೆ, ಕಡಿಮೆ ಶಕ್ತಿಯ ಗಾಮಾ ಕಿರಣಗಳನ್ನು ಕೊಡಬೇಕು. 2008ರಲ್ಲಿ ಹಾರಿದ ಫರ್ಮಿ ದೂರದರ್ಶಕಕ್ಕೆ ಅವು ನಿರೀಕ್ಷಿಸಿದಷ್ಟು ಸಿಗಲಿಲ್ಲ.

"ಮತ್ತೆ ಎಲ್ಲಿ ಹೋದವುರಿ ಟೀಚರ್?" ಎಂದು ಭಾಲ್ಕಿಯಲ್ಲಿ ಒಬ್ಬ ಹುಡುಗಿ ಕೇಳಿದಳು.

ಉತ್ತರ ಎರಡಿವೆ. 2010ರಲ್ಲಿ ಕೆಲವರು, ದುರ್ಬಲವಾದ ಕಾಂತಕ್ಷೇತ್ರವೊಂದು ಜೋಡಿಗಳನ್ನು ಬೇರೆಡೆ ತಿರುಗಿಸುತ್ತದೆ ಎಂದರು. 2012ರಲ್ಲಿ ಇನ್ನು ಕೆಲವರು, ಧಾರೆ ಪ್ಲಾಸ್ಮಾದಲ್ಲಿ ಅಲೆ ಎಬ್ಬಿಸುತ್ತದೆ, ಅಲೆ ಧಾರೆಯನ್ನು ಕದಡುತ್ತದೆ, ಕದಡಿದಷ್ಟೂ ಅಲೆ ಬೆಳೆದು ಕೊನೆಗೆ ಧಾರೆಯ ಶಕ್ತಿಯೆಲ್ಲ ದಾರಿಗೇ ಇಂಗುತ್ತದೆ ಎಂದರು.

ನನ್ನ ಹಾಜರಿ ಪುಸ್ತಕದ ಪ್ರಶ್ನೆಯೂ ಇದೇ. ಎಂಟನೆಯ ತರಗತಿಯಲ್ಲಿದ್ದ ಎಷ್ಟೋ ಹೆಣ್ಣುಮಕ್ಕಳ ಹೆಸರು ಹತ್ತರಲ್ಲಿ ಇರುವುದಿಲ್ಲ. "ಓದುವ ಶಕ್ತಿ ಇರಲಿಲ್ಲ ಬಿಡ್ರಿ" ಎಂದು ಹೇಳಿಬಿಡುವುದು ಸುಲಭ. ಮನೆಯವರು ದುಡಿಯಲು ಪುಣೆಗೋ ಹೈದರಾಬಾದಿಗೋ ಹೊರಟದ್ದು, ತಮ್ಮನನ್ನು ಎತ್ತಿಕೊಳ್ಳಲು ಯಾರೂ ಇಲ್ಲದ್ದು, ಮದುವೆಯ ಮಾತು ಬಂದದ್ದು, ಇವೆಲ್ಲ ಪುಸ್ತಕದಲ್ಲಿ ಕಾಣುವುದಿಲ್ಲ.

2025ರಲ್ಲಿ ಒಂದು ಪ್ರಯೋಗದ ಫಲ ಪ್ರಕಟವಾಯಿತು. ಜಿನೀವಾ ಬಳಿಯ ಸರ್ನ್‌ನಲ್ಲಿ ಇಂಥದೇ ಜೋಡಿಗಳ ಧಾರೆಯನ್ನು 1 ಮೀಟರ್ ಉದ್ದದ ಪ್ಲಾಸ್ಮಾದೊಳಗೆ ಹಾಯಿಸಿದ್ದರು. ಧಾರೆ ಅಷ್ಟೇನೂ ಕದಡದೆ ನೆಟ್ಟಗೆ ಸಾಗಿತು. ಹಾಗಾದರೆ ತಿರುಗಿಸುವ ಕಾಂತಕ್ಷೇತ್ರ ಇದ್ದೀತು ಎಂಬ ವಾದಕ್ಕೆ ಬಲ ಬಂತು. ಒಂದು ಮೀಟರಿನಿಂದ ಇಡೀ ಆಕಾಶದ ತೀರ್ಪು ಬರೆಯಲಾಗದು, ನಿಜ. ಹುಡುಗಿಯರ ವಿಷಯಕ್ಕೆ ಅದು ಸಾಕ್ಷಿಯೂ ಅಲ್ಲ.

ಆದರೂ ಅಷ್ಟು ದೂರದ ಬೆಳಕು ಬಾರದಿದ್ದರೆ ಅದು ಯಾವ ಕಡೆ ತಿರುಗಿತೆಂದು ಹದಿನೈದು ವರ್ಷ ಹುಡುಕುವವರಿದ್ದಾರೆ. ನಾವು ಮೂರು ತಿಂಗಳಲ್ಲಿ ಹೆಸರು ಹೊಡೆದುಹಾಕುತ್ತೇವೆ. ಈ ಭಾನುವಾರ ಔರಾದಿನ ಕಡೆ ಎರಡು ಮನೆಗಳಿಗೆ ಹೋಗುವುದಿದೆ.