ಬಸ್ಸು ಹತ್ತಿದ ವಿಮಾನ

ನಿಪ್ಪಾಣಿಗೆ ಹೊಸದಾಗಿ ಬಂದವರು ಮೊದಲ ದಿನ ಸೀನುತ್ತಾರೆ. ತಂಬಾಕಿನ ಘಾಟು! ನಮಗೆ ಅದು ಗೊತ್ತೇ ಆಗುವುದಿಲ್ಲ. ಊರಲ್ಲಿ ತಂಬಾಕು ತುಂಬಿಡುವ ಹಳೆಯ ವಖಾರಿಗಳಿವೆ. ಎತ್ತರದ ಮಾಡು, ದಪ್ಪ ಗೋಡೆ. ಬಾಗಿಲು ಹಾಕಿದರೆ ಒಳಗೆ ಒಂದು ಎಲೆಯೂ ಅಲ್ಲಾಡದು. ದೀಪಾವಳಿಗೆ ರಜೆಯ ಮೇಲೆ ಬಂದಿದ್ದ ನನ್ನ ಮಗ, ಇಂಥದೊಂದು ಖಾಲಿ ವಖಾರಿಯಲ್ಲಿ ತನ್ನ ಮಗಳ ಜೊತೆ ವಿಮಾನ ಹಾರಿಸಿದ. ಅವನು ಸೈನ್ಯದಲ್ಲಿದ್ದಾನೆ, ಅವಳು ಏಳನೆಯ ತರಗತಿ.

ಮಕ್ಕಳೇ, ಅದು ಒಳಾಂಗಣದ ವಿಮಾನ. ಬಾಲ್ಸಾ ಕಟ್ಟಿಗೆಯ ಕಡ್ಡಿಗಳು, ಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ, ತಿರುಚಿದ ರಬ್ಬರೇ ಎಂಜಿನ್. ರೆಕ್ಕೆ ತುದಿಯಿಂದ ತುದಿಗೆ 45 ಸೆಂಟಿಮೀಟರು. ತೂಕ ಮಾತ್ರ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು. ಕೆಮ್ಮಿದರೆ ದಾರಿ ತಪ್ಪುತ್ತದೆ. ರಬ್ಬರಿನ ಆಟ ಹೊಸದಲ್ಲ. 1871ರಲ್ಲಿ ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣ ಪ್ಯಾರಿಸ್ಸಿನ ತೋಟವೊಂದರಲ್ಲಿ ಇಂಥ ವಿಮಾನವನ್ನು 11 ಸೆಕೆಂಡು ಹಾರಿಸಿ ಜನರನ್ನು ಬೆರಗುಗೊಳಿಸಿದ್ದ. ಈಗ ಜಗತ್ತಿನ ಸ್ಪರ್ಧೆಗಳಲ್ಲಿ ಅರ್ಧ ಗಂಟೆಗೂ ಮೀರಿ ಹಾರಿಸುವವರಿದ್ದಾರೆ.

ಫೆಬ್ರವರಿಯಲ್ಲಿ ಅಥಣಿಯಿಂದ ಫೋನು ಬಂತು. ಅಲ್ಲಿ ನನ್ನ ಮಗಳ ಮನೆ. ಅವಳ ಮಗ ಸೈಕಲ್‌ನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ವಿಮಾನ ನೋಡಬೇಕೆಂದು ಅವನ ಹಟ, ತೋರಿಸಬೇಕೆಂದು ಇವಳ ಹಟ. "ಅಜ್ಜಾ, ಇದು ಮುರದ್ರ ಅಪ್ಪ ಮತ್ತ ರಜಾ ಮ್ಯಾಲ ಬರೂತನಕ ಕೂಡಸಾವ್ರು ಯಾರಿಲ್ಲ," ಎಂದಳು. ಮಾತು ಖರೆ. ನನ್ನ ಕೈ ನಡುಗುತ್ತದೆ.

ಹಾಗಾಗಿ ಪೆಟ್ಟಿಗೆ. ಮಿಕ್ಸರಿನ ಡಬ್ಬಿ ಗಿಡ್ಡಾಯಿತು, ಟೇಬಲ್ ಫ್ಯಾನಿನ ರಟ್ಟಿನ ಪೆಟ್ಟಿಗೆ ಸರಿಹೋಯಿತು. ಸುತ್ತ ಹತ್ತಿ ತುಂಬೋಣ ಎಂದಳು ಅವಳಜ್ಜಿ. ಗಾಜಿನ ಬಳೆಗಾದರೆ ಹತ್ತಿ ಸರಿ. ಈ ವಿಮಾನಕ್ಕೆ ಮೆತ್ತೆಯೇ ಶತ್ರು: ಹತ್ತಿಯ ಒತ್ತಡಕ್ಕೇ ಹಾಳೆ ಹರಿದೀತು. ಅದನ್ನು ಎಲ್ಲಿ ಗಟ್ಟಿಯಿದೆಯೋ ಅಲ್ಲಿ ಮಾತ್ರ ಹಿಡಿಯಬೇಕು, ಉಳಿದದ್ದು ಏನನ್ನೂ ತಾಕದೆ ಗಾಳಿಯಲ್ಲಿ ನಿಲ್ಲಬೇಕು. ಪೆಟ್ಟಿಗೆಯ ತಳಕ್ಕೆ ಥರ್ಮಾಕೋಲ್ ತುಂಡುಗಳನ್ನು ಅಂಟಿಸಿ, ಅವುಗಳಲ್ಲಿ ಸಣ್ಣ ಸೀಳು ಮಾಡಿದೆವು. ನಡುಕಡ್ಡಿಯನ್ನು ಎರಡು ಸೀಳುಗಳಲ್ಲಿ ಕೂಡಿಸಿದಳು. ರೆಕ್ಕೆಯ ಕಾಲುಗಳು ಕಾಗದದ ಕೊಳವೆಗಳಲ್ಲಿ ಸಿಗುವಂಥವು. ಬಿಚ್ಚಿ ಬೇರೆ ತುಂಡಿನಲ್ಲಿ ನೆಟ್ಟಳು. ಮೂಲೆಗಳಿಗೆ ಹೊರಗಿನಿಂದ ಬಿದಿರ ಸೀಳು. ಮುಚ್ಚಳದಲ್ಲೊಂದು ಗುಟ್ಟಿದೆ. ಫಕ್ಕನೆ ತೆಗೆದರೆ ಒಳಗಿನ ಗಾಳಿ ಮೇಲೆ ಸೆಳೆದು ರೆಕ್ಕೆಯನ್ನೂ ಎಳೆಯುತ್ತದೆ. ಅದಕ್ಕೇ ಅವಳು ಮೇಲೆ ಬರೆದಳು: "ಸಾವಕಾಶ!"

ಚಿಕ್ಕೋಡಿಯ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರು, "ಅಜ್ಜಾರ, ಕೇಕ್ ಏನ್ರಿ? ಮ್ಯಾಲ ಇಡ್ರಿ."

"ವಿಮಾನ ಐತ್ರಿ," ಎಂದಳು ಇವಳು.

"ವಿಮಾನ ಇದ್ದಾವ್ರು ಬಸ್ಸಿಗೆ ಯಾಕ ಬಂದ್ರಿ?" ಬಸ್ಸೆಲ್ಲ ನಕ್ಕಿತು. ಆದರೆ ಕಿಟಕಿ ಮುಚ್ಚಿಸಿ ಮುಂದಿನ ಸೀಟು ಕೊಡಿಸಿದವರೂ ಅವರೇ. ಪೆಟ್ಟಿಗೆ ಅವಳ ತೊಡೆಯ ಮೇಲೆ. ಬಸ್ಸಿನ ಹೊಡೆತ ತಿನ್ನಲು ಮನುಷ್ಯರ ತೊಡೆಗಿಂತ ಒಳ್ಳೆಯ ಸ್ಪ್ರಿಂಗ್ ಇಲ್ಲ.

ರಾಯಬಾಗದಲ್ಲಿ ಚಹಾ, ಬಿಸಿ ಭಜಿ, ಬೇರೆ ಬಸ್ಸು. ಕುಡಚಿ ದಾಟಿದರೆ ಕೃಷ್ಣೆ. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಈ ಸೇತುವೆ ಮುಳುಗಿ ದಾರಿ ಬಂದಾಗುತ್ತದೆ. ಈಗ ನೀರು ತೆಳ್ಳಗೆ ಹರಿಯುತ್ತಿತ್ತು. ಆಚೆ ಉಗಾರದ ಸಕ್ಕರೆ ಕಾರ್ಖಾನೆ, ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಜೋಡಿ ಟ್ರೇಲರು ಎಳೆದೆಳೆದು ರಸ್ತೆಯೂ ಗಾಣಕ್ಕೆ ಹಾಕಿದ ಕಬ್ಬಿನಂತಾಗಿತ್ತು. ಒಂದು ತಗ್ಗಿನಲ್ಲಿ ಬಸ್ಸು ದಡಕ್ಕನೆ ಕುಕ್ಕರಿಸಿತು. ಒಳಗೆ 'ಟಕ್' ಎಂದು ಸಪ್ಪಳ. ಹುಡುಗಿಯ ಮುಖ ಬಿಳಿಚಿತು. ತೆಗೆದು ನೋಡೋಣವೆಂದರೆ ಬಸ್ಸಿನ ತುಂಬ ಗಾಳಿ. "ಬ್ಯಾಡ ಯವ್ವಾ, ಕಾಗವಾಡ ಬರ್ಲಿ," ಎಂದೆ. ಅಲ್ಲಿಯವರೆಗೆ ಅವಳು ಮಾತಾಡಲಿಲ್ಲ.

ಕಾಗವಾಡ ಈಗ ತಾಲೂಕು. ನಮ್ಮ ನಿಪ್ಪಾಣಿಯಂತೆ ಹೊಸದು. ಮೊದಲು ಅದು ಅಥಣಿಗೆ ಸೇರಿತ್ತು, ನಾವು ಚಿಕ್ಕೋಡಿಗೆ. ನೆಂಟರ ಮನೆಯಲ್ಲಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಸಾವಕಾಶ ಮುಚ್ಚಳ ತೆಗೆದೆವು. ಥರ್ಮಾಕೋಲಿನ ಒಂದು ತುಂಡು ಕಿತ್ತು ಬಂದಿತ್ತು. ನಡುಕಡ್ಡಿ ಇನ್ನೊಂದು ಸೀಳಿನಲ್ಲೇ ಜೋತಾಡುತ್ತಿತ್ತು. ವಿಮಾನಕ್ಕೆ ಏನೂ ಆಗಿರಲಿಲ್ಲ. ಅಲ್ಲೇ ಅಂಟು ತರಿಸಿ ಕೂಡಿಸಿದಳು, ಅದು ಒಣಗುವಷ್ಟರಲ್ಲಿ ಎರಡು ಗೊಂಚಲು ದ್ರಾಕ್ಷಿ ಖಾಲಿ ಮಾಡಿದಳು.

ಮಂಗಸೂಳಿಯ ದಾರಿಯಲ್ಲಿ ದ್ರಾಕ್ಷಿ ಚಪ್ಪರಗಳನ್ನು ನೋಡುತ್ತ ಅಥಣಿ ಮುಟ್ಟಿದೆವು. ಅಥಣಿ ಎಂದರೆ ಚರ್ಮದ ಚಪ್ಪಲಿ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗೆ 2019ರಲ್ಲಿ ಜಿಐ ಗುರುತು ಸಿಕ್ಕಾಗ ಅದರಲ್ಲಿ ಬೆಳಗಾವಿ ಜಿಲ್ಲೆಗೂ ಪಾಲು ಬಂತು. ಪೆಟ್ಟಿಗೆಯ ಹುರಿ ನನ್ನ ಬೆರಳು ಕೊಯ್ಯುತ್ತಿದ್ದುದನ್ನು ಕಂಡು, ಚಪ್ಪಲಿ ಹೊಲಿಯುವ ತಾಯಿಯೊಬ್ಬರು ಚರ್ಮದ ಹಿಡಿಕೆ ಹಾಕಿಕೊಟ್ಟರು. ಮೊಳೆ ಇಲ್ಲದೆ, ಬರೀ ಚರ್ಮದ ದಾರದಲ್ಲಿ. ದುಡ್ಡು ಬೇಡವೆಂದರು, ಬದಲಿಗೆ ವಿಮಾನ ನೋಡಲು ಸಂಜೆ ಮಂಗಲ ಕಾರ್ಯಾಲಯಕ್ಕೆ ಬಂದರು.

ಅಂದು ಮದುವೆ ಇರಲಿಲ್ಲ. ಕಿಟಕಿ ಮುಚ್ಚಿದರು, ಫ್ಯಾನು ನಿಲ್ಲಿಸಿದರು. ಪ್ಲಾಸ್ಟರಿನ ಕಾಲನ್ನು ಕುರ್ಚಿಯ ಮೇಲೆ ಚಾಚಿ ಕೂತ ಹುಡುಗನ ಕೈಯಲ್ಲಿ ಗಡಿಯಾರ. ಇವಳು ರಬ್ಬರ್ ತಿರುಚಿ ಕೈ ಬಿಟ್ಟಳು. ವಿಮಾನ ಸಪ್ಪಳವಿಲ್ಲದೆ ಸುತ್ತು ಹಾಕುತ್ತ ಮೇಲೇರಿತು, ಮಾಡಿನ ಹತ್ತಿರ ತುಸು ತಡೆಯಿತು, ಹಾಗೇ ತಿರುಗುತ್ತ ಇಳಿಯಿತು.

"ಒಂದು ಮಿನಿಟು ನಲವತ್ತು ಸೆಕೆಂಡು!" ಎಂದು ಕೂಗಿದ ಅವನು.

ಪ್ಲಾಸ್ಟರ್ ಬಿಚ್ಚುವತನಕ ವಿಮಾನ ಅಲ್ಲೇ ಇರಲಿ ಎಂದಳು ಮೊಮ್ಮಗಳು. ಪೆಟ್ಟಿಗೆಯೂ ಅಲ್ಲೇ ಉಳಿಯಿತು. ಈಗ ಎರಡನೆಯ ವಿಮಾನದ ಕೆಲಸ ನಡೆದಿದೆ. ಇನ್ನೊಂದು ಫ್ಯಾನಿನ ಡಬ್ಬಿಗಾಗಿ ನಾನು ನಿಪ್ಪಾಣಿಯ ಅಂಗಡಿ ಅಂಗಡಿ ಅಲೆಯುತ್ತಿದ್ದೇನೆ.