ಕಡಲ ದಾರಿಯೂ ಅಚೌರ್ಯವ್ರತವೂ

ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ಮತ್ತು ವೇಣೂರಿನ ಬಾಹುಬಲಿ ಮೂರ್ತಿಗಳ ದರ್ಶನಕ್ಕೆ ಹೋಗುವ ನಮ್ಮ ಯಾತ್ರಿಕರು ಪಡುವಣ ಕಡಲನ್ನೂ ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಹಾಗೆ ಕುಟುಂಬಸಮೇತ ಹೋಗಿದ್ದಾಗ, ಕರಾವಳಿಯ ಒಂದೂರಿನಲ್ಲಿ ತೀರಕ್ಕೆ ಇಳಿಯುವ ಹಳೆಯ ಕಾಲುದಾರಿಗೆ ವಸತಿಗೃಹವೊಂದರ ಬೇಲಿ ಅಡ್ಡವಾಗಿತ್ತು. ಬಲೆ ಹೊತ್ತ ಮೀನುಗಾರರು ಸುತ್ತು ಬಳಸಿ ನಡೆಯುತ್ತಿದ್ದರು. “ಹಣ ಕೊಟ್ಟು ಕೊಂಡ ಭೂಮಿಗೆ ಬೇಲಿ ಹಾಕಿದರೆ ತಪ್ಪೇನು?” ಎಂದು ಜೊತೆಯಲ್ಲಿದ್ದ ವರ್ತಕ ಬಂಧುವೊಬ್ಬರು ಕೇಳಿದರು. ಶ್ರಾವಕರು ವಿಚಾರಿಸತಕ್ಕ ಪ್ರಶ್ನೆಯಿದು.

ಮೊದಲು ಕಾನೂನನ್ನು ನೋಡೋಣ. ಕಡಲತೀರದ ಎರಡು ವಸತಿಗೃಹಗಳ ನಡುವೆ, ಸಾರ್ವಜನಿಕರು ತೀರ ಸೇರುವುದಕ್ಕಾಗಿ, ಕನಿಷ್ಠ 20 ಮೀಟರ್ ಅಗಲದ ತೆರವು ಬಿಡಬೇಕೆಂದು 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ವಿಧಿಸಿತು. 2011ರ ಅಧಿಸೂಚನೆಯೂ ಅದನ್ನು ಉಳಿಸಿಕೊಂಡಿತು. ಬಿಯಾಸ್ ನದೀತೀರದ ಪ್ರಕರಣವೊಂದರಲ್ಲಿ 1996ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಕಡಲತೀರ, ಹರಿಯುವ ನೀರು ಮೊದಲಾದವುಗಳಿಗೆ ಸರ್ಕಾರವು ಜನರ ಪರವಾಗಿ ಧರ್ಮದರ್ಶಿಯ ಸ್ಥಾನದಲ್ಲಿದೆ ಎಂದಿತು. ಬಸದಿಯ ಆಸ್ತಿಯನ್ನು ಧರ್ಮದರ್ಶಿಯು ತನ್ನದೆನ್ನಲಾಗದು, ಇದೂ ಹಾಗೆಯೇ.

ನಮ್ಮ ಶಾಸ್ತ್ರ ಇನ್ನೂ ಆಳಕ್ಕೆ ಇಳಿಯುತ್ತದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಚೌರ್ಯ. ಆದರೆ ಎಲ್ಲರಿಗೂ ಮುಕ್ತವಾದ ನೀರು, ಮಣ್ಣುಗಳ ಮಟ್ಟಿಗೆ ಗೃಹಸ್ಥನಿಗೆ ಅಚೌರ್ಯಾಣುವ್ರತದಲ್ಲಿ ವಿನಾಯಿತಿಯುಂಟು. ಸರ್ವರ ಪಾಲಿನ ವಸ್ತುಗಳು ಇವೆಯೆಂಬುದು ಇದರಿಂದಲೇ ಸಿದ್ಧ. ಅಂಥದಕ್ಕೆ ಬೇಲಿ ಹಾಕುವವನು ಅದತ್ತವನ್ನು ತೆಗೆದುಕೊಂಡಂತಾಯಿತು. ಭೂಮಿಗೆ ಬೆಲೆ ತೆತ್ತಿರಬಹುದು. ತೀರಕ್ಕೆ ಬೆಲೆ ಪಡೆದವರು ಯಾರು? ತತ್ತ್ವಾರ್ಥಸೂತ್ರವು ರಾಜ್ಯದ ಕಟ್ಟಳೆ ಮೀರುವುದನ್ನು ಕಳ್ಳ ಅಳತೆ, ಕಳ್ಳ ತೂಕಗಳೊಡನೆ ಈ ವ್ರತದ ಅತಿಚಾರಗಳಲ್ಲಿಯೇ ಎಣಿಸಿದೆ. ತಕ್ಕಡಿಯನ್ನು ನೇರವಾಗಿ ಹಿಡಿಯುವ ವರ್ತಕನು ಬೇಲಿಯ ಗೂಟವನ್ನೂ ನೇರವಾಗಿಯೇ ನೆಡಬೇಕು.

ಬಂಧುಗಳು ಮತ್ತೂ ಕೇಳಿದರು: “ಹಿಂಸೆಯ ಕಸುಬಿನವರ ದಾರಿಗಾಗಿ ನಾವೇಕೆ ವಾದಿಸಬೇಕು?” ಆ ಕಸುಬು ನಮಗೆ ವರ್ಜ್ಯವೆಂಬುದು ನಿಜ. ಆದರೆ ನಮ್ಮ ವ್ರತವು ನಮ್ಮ ಕೈಯನ್ನು ಕಟ್ಟುತ್ತದೆಯೇ ಹೊರತು ಪರರ ಹಾದಿಯನ್ನಲ್ಲ. ಅಲ್ಲಿ ದಾರಿ ಮುಚ್ಚಿದ್ದರಿಂದ ಒಂದು ಮೀನೂ ಉಳಿಯಲಿಲ್ಲ; ಅತಿಥಿಗಳಿಗೆ ಏಕಾಂತ ದೊರೆಯಿತು, ಒಡೆಯನಿಗೆ ಲಾಭ ಬಂದಿತು. ಅಹಿಂಸೆಯ ಹೆಸರಿನಲ್ಲಿ ಲೋಭವನ್ನು ಸಮರ್ಥಿಸಿದರೆ ಮಾಯಾಕಷಾಯವೂ ಜೊತೆಗೂಡುತ್ತದೆ.

ಆದುದರಿಂದ ಕರಾವಳಿಯಲ್ಲಿ ನಿವೇಶನ ಕೊಳ್ಳುವ ವರ್ತಕರಲ್ಲಿ, ಯಾತ್ರಿನಿವಾಸ ಕಟ್ಟುವ ಟ್ರಸ್ಟುಗಳಲ್ಲಿ ನನ್ನ ವಿನಂತಿ ಇಷ್ಟೆ: ಕ್ರಯಪತ್ರವನ್ನು ಪರಿಶೀಲಿಸುವಾಗಲೇ ಊರ ಹಿರಿಯರನ್ನೂ ಮೀನುಗಾರರನ್ನೂ ಕಂಡು ಹಳೆಯ ಕಾಲುದಾರಿಗಳನ್ನು ತಿಳಿದುಕೊಳ್ಳಿರಿ. ಕಟ್ಟಡದ ನಕ್ಷೆಯಲ್ಲಿ ಅವನ್ನು ಗುರುತಿಸಿ ಬಿಟ್ಟ ಮೇಲೆಯೇ ಆವರಣದ ಗೋಡೆ ಎತ್ತಿರಿ. ಪರಿಗ್ರಹಕ್ಕೆ ಪರಿಮಾಣ ಮಾಡಿಕೊಳ್ಳುವುದೆಂದರೆ ಇದೂ ಹೌದು.